ಅಮ್ಮ ನೀರು ಕುಡಿದ ಊರು

"ಅಲ್ಲ ಕಣೋ, ಅಷ್ಟು ದೂರದಿಂದ ಅಕ್ಕನ್ನ ಕರೆಸ್ಕೊಂಡು ಟ್ರಾಮಲ್ಲಿ ಓಡಾಡಿಸ್ತಾ ಇದೀಯಲ್ಲ, ಒಂದು ಕಾರು ಮಾಡೋಕಾಗ್ಲಿಲ್ವಾ?"

ವಿಡಿಯೋ ಕಾಲ್‌ನಲ್ಲಿ ಸೋದರಮಾವ ಕೇಳಿದ ಮಾತು. ಆಗ ನಾವು ಆಸ್ಟ್ರಿಯಾದ ವಿಯೆನ್ನಾದಲ್ಲಿದ್ದೆವು. ಅಮ್ಮನ ಬೆನ್ನ ಹಿಂದೆ ಟ್ರಾಮ್ ಬಂದು ನಿಂತದ್ದು ಅವರಿಗೆ ಫೋನಿನಲ್ಲಿ ಕಂಡಿತ್ತು. ಮಾವನದು ಕೆಟ್ಟ ಮನಸ್ಸಲ್ಲ, ಅಕ್ಕನ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ಅಮ್ಮನೂ "ಏ, ಚೆನ್ನಾಗಿದೆ ಕಣೋ, ಹತ್ತೋಕೆ ಸಲೀಸು" ಎಂದು ಮಾತು ತೇಲಿಸಿದಳು. ಆದರೆ ನನಗೆ ಚುಚ್ಚಿತು. ಮಾವನಿಗೆ ಕೊಡಬೇಕಾದ ಉತ್ತರ ಒಂದು ಫೋನ್ ಕಾಲ್‌ಗೆ ಹಿಡಿಸುವಂಥದ್ದಾಗಿರಲಿಲ್ಲ.

ನಮ್ಮ ಕಡೆ ಅಪ್ಪ ಅಮ್ಮನನ್ನು ಟೂರಿಗೆ ಕರೆದುಕೊಂಡು ಹೋದರೆ ಖರ್ಚು ಕಣ್ಣಿಗೆ ಕಾಣಬೇಕು. ಹತ್ತಿರವಾದರೆ ಇನ್ನೋವಾ, ಹತ್ತು ಜನ ಇದ್ದರೆ ಟಿಟಿ. ವಿದೇಶವಾದರೆ ಪ್ಯಾಕೇಜ್: ವಾರದೊಳಗೆ ನಾಲ್ಕೈದು ದೇಶ, ಊಟಕ್ಕೆ ಅಲ್ಲಲ್ಲಿ ಇಂಡಿಯನ್ ಹೋಟೆಲು, ಐಫೆಲ್ ಗೋಪುರದ ಮುಂದೆ ಫೋಟೋ. ನಮ್ಮ ದೊಡ್ಡಪ್ಪ, ದೊಡ್ಡಮ್ಮ ಹಾಗೆ ಹೋಗಿಬಂದವರು. ದೊಡ್ಡಮ್ಮ ಇವತ್ತಿಗೂ ಹೇಳುವುದು ಬಸ್ಸಿನ ವಿಷಯವನ್ನೇ: ಎಷ್ಟು ಹೊತ್ತಿಗೆ ಎಬ್ಬಿಸುತ್ತಿದ್ದರು, ಯಾರು ಕಿಟಕಿ ಸೀಟು ಬಿಡಲಿಲ್ಲ, ಕಾಲು ಹೇಗೆ ಊದಿಕೊಂಡಿತ್ತು. ಆದರೂ ಮಕ್ಕಳು ಲಕ್ಷಗಟ್ಟಲೆ ಖರ್ಚು ಮಾಡಿ ಕಳಿಸಿದರು ಅನ್ನುವ ಮಾತು ನೆಂಟರಿಷ್ಟರ ನಡುವೆ ಉಳಿದಿದೆ. ಕಡಿಮೆ ಖರ್ಚಿನಲ್ಲಿ ಹೆತ್ತವರನ್ನು ಸುತ್ತಾಡಿಸುವುದು ನಮ್ಮಲ್ಲಿ ಒಂದು ಕುಂದು. ಅಮ್ಮನಿಗೂ ಕಂಜೂಸು ಮಾಡಿದ ಅನ್ನುತ್ತಾರೆ.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಮ್ಮ ಇಲ್ಲಿಗೆ ಬರುವಷ್ಟರಲ್ಲೇ ಕೈ ಬರಿದಾಗಿತ್ತು. ವಿಮಾನದ ಟಿಕೆಟ್, 90 ಯೂರೋ ವೀಸಾ ಶುಲ್ಕ, ಕನಿಷ್ಠ 30,000 ಯೂರೋ ಮೊತ್ತದ ವಿಮೆ. ವಯಸ್ಸಾದವರ ವಿಮೆಯ ಕಂತು ಹೇಗಿರುತ್ತದೆ ಎಂಬುದು ಅಪ್ಪ ಅಮ್ಮನನ್ನು ಕರೆಸಿಕೊಂಡವರಿಗೆಲ್ಲ ಗೊತ್ತು. ಇನ್ನೊಂದು ಊರು ತೋರಿಸಬೇಕೆಂದರೆ ಲೆಕ್ಕ ಹಾಕಿಯೇ ತೋರಿಸಬೇಕಿತ್ತು. ವಿಯೆನ್ನಾ ಆರಿಸಿಕೊಂಡದ್ದು ಅದಕ್ಕೇ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇದ್ದರೆ ಆಸ್ಟ್ರಿಯಾಕ್ಕೆ ಬೇರೆ ವೀಸಾ ಬೇಡ. ಮ್ಯೂನಿಕ್‌ನಿಂದ ನೇರ ರೈಲಿದೆ, ನಾಲ್ಕು ಗಂಟೆ ಚಿಲ್ಲರೆ ಪ್ರಯಾಣ, ತಿಂಗಳುಗಳ ಮೊದಲೇ ಕೊಂಡರೆ ಟಿಕೆಟ್ ಅಗ್ಗ. ಒಂದು ಎಚ್ಚರಿಕೆ ಮಾತ್ರ ಹೇಳಿಬಿಡುತ್ತೇನೆ: ಗಡಿಯೇ ಇಲ್ಲವಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ವಾಪಸ್ ಬರುವಾಗ ಜರ್ಮನಿಯ ಪೊಲೀಸರು ರೈಲಿಗೆ ಹತ್ತಿ ನೋಡುವುದುಂಟು.

ಉಳಿದುಕೊಂಡದ್ದು ವಿದ್ಯಾರ್ಥಿಗಳ ಹಾಸ್ಟೆಲಿನಲ್ಲಿ. ಬೇಸಿಗೆ ರಜೆಗೆ ಹುಡುಗರು ಊರಿಗೆ ಹೋದಮೇಲೆ ವಿಯೆನ್ನಾದ ಕೆಲವು ಹಾಸ್ಟೆಲುಗಳು ಆ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತವೆ. ಎರಡು ಮಂಚ, ಒಂದು ಮೇಜು, ಚೊಕ್ಕವಾದ ಬಚ್ಚಲು, ಪುಟ್ಟ ಅಡುಗೆಮನೆ. ಅಮ್ಮನ ಬ್ಯಾಗಿನಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮೆಂತ್ಯದ ಹಿಟ್ಟು, ಗಟ್ಟಿ ಅವಲಕ್ಕಿ ಎಲ್ಲ ಇದ್ದವು, ತುಪ್ಪ ಒಂದನ್ನು ಬಿಟ್ಟು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ ತರುವುದನ್ನು ಯುರೋಪಿನವರು ಬಿಡುವುದಿಲ್ಲ. ಕೋಣೆ ಹುಡುಕುವಾಗ ನಾನು ಬಾಡಿಗೆಗಿಂತ ಮೊದಲು ನೋಡಿದ್ದು ಲಿಫ್ಟ್ ಇದೆಯೇ ಎಂದು. ವಿಯೆನ್ನಾದ ಹಳೆಯ ಕಟ್ಟಡಗಳಲ್ಲಿ ಮೊದಲ ಮಹಡಿ ಎಂದು ಬರೆದದ್ದು ಕೆಲವೊಮ್ಮೆ ಮೂರನೆಯದಾಗಿರುತ್ತದೆ. ನೆಲದಿಂದ ಮೇಲೆ ಎರಡು ಅಂತಸ್ತುಗಳಿಗೆ ಬೇರೆಯೇ ಹೆಸರಿಟ್ಟು, ಎಣಿಕೆಯನ್ನು ಆಮೇಲೆ ಶುರುಮಾಡುತ್ತಾರೆ. ಮಂಡಿನೋವಿನವರನ್ನು ಕರೆದೊಯ್ಯುವವರು ಇದನ್ನು ಕೇಳಿಯೇ ಕಾದಿರಿಸಬೇಕು.

ಇಷ್ಟೆಲ್ಲ ತಯಾರಿಯಲ್ಲಿ ನಾನು ಯೋಚಿಸದೇ ಇದ್ದ ಒಂದು ವಿಷಯ ಆ ಊರಿನಲ್ಲಿ ತಾನಾಗಿ ನಡೆಯಿತು. ಅಮ್ಮ ನೀರು ಕುಡಿದಳು.

ಮನೆಯಿಂದ ಹೊರಗೆ ಹೊರಟರೆ ನಮ್ಮ ಹೆಂಗಸರು ನೀರು ಬಿಡುವುದು ನನಗೆ ಚಿಕ್ಕಂದಿನಿಂದ ಗೊತ್ತು. ಅಜ್ಜಿ ಹಾಗೆ, ಅತ್ತೆ ಹಾಗೆ, ಚಿಕ್ಕಮ್ಮಂದಿರು ಹಾಗೆ. ಬೆಳಗಿನ ಬಸ್ಸಿಗೆ ಹೊರಡಬೇಕೆಂದರೆ ಹಿಂದಿನ ರಾತ್ರಿಯಿಂದಲೇ ಕಡಿಮೆ ಮಾಡುತ್ತಾರೆ. ಬೆಳಗ್ಗೆ ಕಾಫಿ ಅರ್ಧ ಲೋಟ. ದಾರಿಯಲ್ಲಿ ಎಳನೀರು ಕೊಡಿಸಿದರೆ "ನೀವು ಕುಡೀರಿ, ನಂಗೆ ಬೇಡ". ಮದುವೆ ಮನೆಯಲ್ಲಿ ತಲೆನೋವು, ದೇವಸ್ಥಾನದ ಸರದಿಯಲ್ಲಿ ತಲೆಸುತ್ತು, ಊರಿಗೆ ವಾಪಸಾದ ಮೇಲೆ ಉರಿಮೂತ್ರ. ಇವೆಲ್ಲ ವಯಸ್ಸಿನ ದೋಷ, ಬಿಸಿಲಿನ ದೋಷ ಎಂದು ನಾವು ಗಂಡಸರು ಅಂದುಕೊಂಡು ಬಂದಿದ್ದೇವೆ. ಕಾರಣ ಅವರವರಿಗೆ ಗೊತ್ತು, ಹೇಳುವುದಿಲ್ಲ.

ವಿಯೆನ್ನಾಕ್ಕೆ ರೈಲಿನಲ್ಲಿ ಹೋಗುವಾಗಲೂ ಅಮ್ಮ ಅದೇ ಕ್ರಮ ಇಟ್ಟುಕೊಂಡಿದ್ದಳು. ಸ್ಟೀಲ್ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮಾರನೇ ದಿನ ಬಿಸಿಲು ಜೋರು. ಜುಲೈ ತಿಂಗಳಲ್ಲಿ ಆ ಊರು ನಮ್ಮ ರಾಯಚೂರನ್ನು ನೆನಪಿಸುವಷ್ಟು ಕಾಯುವ ದಿನಗಳೂ ಇವೆ. ಟ್ರಾಮ್ ನಿಲ್ದಾಣದಿಂದ ಸ್ವಲ್ಪ ದೂರದಲ್ಲಿ ಎದೆಯೆತ್ತರದ ನೀರಿನ ಕಂಬ ಕಂಡಿತು. ಒಬ್ಬ ಹುಡುಗ ಬಾಯೊಡ್ಡಿ ಕುಡಿಯುತ್ತಿದ್ದ, ಅವನ ಹಿಂದೆ ಕೋಲು ಹಿಡಿದ ಮುದುಕರೊಬ್ಬರು ಬಾಟಲಿ ಹಿಡಿದು ಕಾಯುತ್ತಿದ್ದರು. ಅಮ್ಮ ಮೊದಲು ಕೇಳಿದ್ದು "ಎಷ್ಟು?" ಎಂದು. ಅಲ್ಲಿಯವರೆಗೆ ಕಂಡದ್ದನ್ನೆಲ್ಲ ನೂರರಿಂದ ಗುಣಿಸುತ್ತಲೇ ಬಂದಿದ್ದಳು. ಐದು ಯೂರೋ ಕಾಫಿ ಎಂದರೆ ಐನೂರು ರೂಪಾಯಿ ಎಂದು ಬೆಚ್ಚಿ, ಕಾಫಿಯನ್ನೇ ಬೇಡವೆಂದಿದ್ದಳು. ನೀರಿಗೆ ಕಾಸಿಲ್ಲ ಎಂದೆ. ನಂಬಲಿಲ್ಲ. ಹತ್ತಿರ ಹೋಗಿ ಬೊಗಸೆಯೊಡ್ಡಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು. ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ತಲಕಾವೇರಿ ನೀರಿನ ಹಾಗಿದೆ" ಎಂದಳು.

ಅದು ಬೆಟ್ಟದ ನೀರೇ. ರಾಕ್ಸ್, ಷ್ನೇಬೆರ್ಗ್ ಎಂಬ ಆಲ್ಪ್ಸ್ ಬೆಟ್ಟಗಳ ಬುಗ್ಗೆಗಳಿಂದ ವಿಯೆನ್ನಾಕ್ಕೆ ಕಾಲುವೆಯಲ್ಲಿ ನೀರು ತಂದದ್ದು 1873ರಲ್ಲಿ. ಸಾಲದು ಎಂದು 1910ರಲ್ಲಿ ಹೊಖ್‌ಶ್ವಾಬ್ ಬೆಟ್ಟದಿಂದ ಎರಡನೇ ಕಾಲುವೆ ತಂದರು. ಬೆಟ್ಟದಿಂದ ಊರಿನವರೆಗೆ ಪಂಪು ಬೇಡ, ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ಮನೆಯ ನಲ್ಲಿಯಲ್ಲೂ ಅದೇ, ಬೀದಿಯಲ್ಲಿರುವ ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ಕಂಬಗಳಲ್ಲೂ ಅದೇ. ಕಾಫಿ ಮನೆಗಳಲ್ಲಿ ಕಾಫಿಯ ಜೊತೆ ತಟ್ಟೆಯಲ್ಲಿ ಒಂದು ಲೋಟ ನೀರು ತಂದಿಡುವ ಪದ್ಧತಿಯೂ ಇದೆ.

ಆದರೆ ನೀರು ಕಂಡ ಮಾತ್ರಕ್ಕೆ ಅಮ್ಮ ಬಾಟಲಿ ತುಂಬಿಸಲಿಲ್ಲ. ಒಂದು ಗಂಟೆ ಕಳೆದ ಮೇಲೆ, ಮುಖ ಆ ಕಡೆ ಮಾಡಿಕೊಂಡು, "ಇಲ್ಲೆಲ್ಲಾದರೂ ಹೋಗೋಕೆ ಜಾಗ ಇದೆಯೇನೋ" ಎಂದು ಕೇಳಿದಳು. ಇತ್ತು. ಬಾಣದ ಗುರುತಿನ ಫಲಕ ಹಿಡಿದು ಹೋದರೆ ಸುರಂಗ ರೈಲಿನ ನಿಲ್ದಾಣದಲ್ಲಿ ಸಿಕ್ಕಿತು. ಬಾಗಿಲಲ್ಲಿ ಐವತ್ತು ಸೆಂಟ್ ಹಾಕಬೇಕು. ಒಳಗಿನಿಂದ ಬಂದವಳ ಮುಖ ನೋಡಿದೆ. ನಿರಾಳವಾಗಿತ್ತು. "ಒಣಗಿದೆ ಕಣೋ ನೆಲ" ಎಂದಳು. ಒಣ ನೆಲದ ಬಗ್ಗೆ ಅಮ್ಮನ ವಯಸ್ಸಿನ ಹೆಂಗಸು ಯಾಕೆ ಅಷ್ಟು ಸಂತೋಷಪಡುತ್ತಾಳೆ ಎಂದು ಸೀರೆ ಉಡುವವರನ್ನು ಕೇಳಿ. ಆಮೇಲಿನ ದಿನಗಳಲ್ಲಿ ಎಲ್ಲಿ ಕಂಬ ಕಂಡರೂ ಅಮ್ಮ ಬಾಟಲಿ ತೆಗೆಯುತ್ತಿದ್ದಳು. ತಲೆನೋವಿನ ಮಾತ್ರೆ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಅಲ್ಲಿಂದ ಮುಂದೆ ನಮ್ಮ ಪ್ರವಾಸ ಅಗ್ಗವಾದದ್ದೂ ಇದರಿಂದಲೇ. ನೀರು, ಕೂರಲು ಬೆಂಚು, ಹೋಗಲು ಜಾಗ ಇದ್ದರೆ ಇಡೀ ದಿನ ಹೊರಗೇ ಕಳೆಯಬಹುದು. ಅರಮನೆ, ಮ್ಯೂಸಿಯಮ್ಮುಗಳ ಟಿಕೆಟ್ ಕೊಂಡು ಕಾಲಿಗೆ ವಿಶ್ರಾಂತಿ ಹುಡುಕಬೇಕಿಲ್ಲ. ಷೋನ್‌ಬ್ರುನ್ ಅರಮನೆಯ ಒಳಗೆ ಹೋಗಲು ದುಡ್ಡು ಬೇಕು, ಹೊರಗಿನ ದೊಡ್ಡ ಉದ್ಯಾನಕ್ಕೆ ಬೇಡ. ಆ ಉದ್ಯಾನವನ್ನು ಜನಸಾಮಾನ್ಯರಿಗೆ ತೆರೆದದ್ದು 1779ರಲ್ಲಿ. ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿರುವ ವಿಯೆನ್ನಾ ಮ್ಯೂಸಿಯಂ 2023ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಾಗಿನಿಂದ ಅಲ್ಲಿನ ಕಾಯಂ ಪ್ರದರ್ಶನ ಉಚಿತ. ಹೈಲಿಗೆನ್‌ಷ್ಟಾಟ್‌ನಿಂದ 38ಎ ಬಸ್ಸು ಹತ್ತಿದರೆ ದ್ರಾಕ್ಷಿ ತೋಟಗಳ ಪಕ್ಕದಲ್ಲಿ ಸುತ್ತಿಕೊಂಡು ಕಾಲೆನ್‌ಬೆರ್ಗ್ ಗುಡ್ಡದ ಮೇಲೆ ಇಳಿಸುತ್ತದೆ. ಕೆಳಗೆ ಇಡೀ ಊರು, ಡ್ಯಾನ್ಯೂಬ್ ನದಿ. ಅದು ಸಾಮಾನ್ಯ ಸಿಟಿ ಬಸ್ಸು, ದಿನದ ಪಾಸಿನಲ್ಲೇ ಬರುತ್ತದೆ. ಸಂಜೆ ಪುರಭವನದ ಮುಂದಿನ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿ ಸಂಗೀತ ಕಛೇರಿ, ಆಪೆರಾಗಳ ಚಿತ್ರ ತೋರಿಸುತ್ತಾರೆ, ಕುರ್ಚಿ ಹಾಕಿರುತ್ತಾರೆ, ಯಾರೂ ಟಿಕೆಟ್ ಕೇಳುವುದಿಲ್ಲ. ಕತ್ತಲಾಗುವುದೇ ಒಂಬತ್ತರ ಮೇಲೆ, ಹಾಗಾಗಿ ಅಮ್ಮನ ಮಲಗುವ ಹೊತ್ತು ಮೀರಿತು ಅಷ್ಟೆ.

ಅಮ್ಮನಿಗೆ ಹಿಡಿಸಿದ್ದು ಫೋಕ್ಸ್‌ಗಾರ್ಟನ್ ಎಂಬ ತೋಟ. ಊರ ನಟ್ಟನಡುವೆ ಸಾಲುಸಾಲಾಗಿ ಗುಲಾಬಿ. ಒಂದೊಂದು ಗಿಡದ ಬುಡದಲ್ಲಿ ಬೆರಳುದ್ದದ ಫಲಕ. ಊರಿನವರು ದುಡ್ಡು ಕಟ್ಟಿ ತಮ್ಮವರ ಹೆಸರಿನಲ್ಲಿ ಒಂದು ಗಿಡ ನೋಡಿಕೊಳ್ಳಬಹುದು. ಅಮ್ಮ ಬಗ್ಗಿ ಬಗ್ಗಿ ಅಕ್ಷರ ಕೂಡಿಸಿ ಓದುತ್ತಿದ್ದಳು, ನಾನು ಅರ್ಥ ಹೇಳುತ್ತಿದ್ದೆ. ಇದು ಅಜ್ಜಿಯ ತೊಂಬತ್ತನೇ ಹುಟ್ಟುಹಬ್ಬಕ್ಕೆ. ಇದು ಮದುವೆಯಾಗಿ ಐವತ್ತು ವರ್ಷವಾದದ್ದಕ್ಕೆ. ಒಂದರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು, ಗಿಡಕ್ಕೆ ಸೀರು ಹತ್ತಿದೆ, ಬೇವಿನೆಣ್ಣೆ ಹೊಡೆಯಬೇಕಿತ್ತು ಎಂದಳು. ಮಧ್ಯಾಹ್ನ ಅಲ್ಲೇ ನೆರಳಿನ ಬೆಂಚಿನಲ್ಲಿ ಪುಳಿಯೋಗರೆ ತಿಂದು ಸಂಜೆಯವರೆಗೆ ಕೂತೆವು. ಆ ಇಡೀ ದಿನಕ್ಕೆ ಟ್ರಾಮ್ ಪಾಸು ಬಿಟ್ಟರೆ ಖರ್ಚಾದದ್ದು ಶೌಚಾಲಯದ ಚಿಲ್ಲರೆ.

ಈಗ ಮಾವನ ಮಾತಿಗೆ ಬರುತ್ತೇನೆ. ಟ್ರಾಮ್ ಹತ್ತಿಸಿದ್ದು ಅವರಿಗೆ ಯಾಕೆ ಕಷ್ಟವೆನಿಸಿತು? ಅವರು ಮನಸ್ಸಿನಲ್ಲಿ ಕಂಡದ್ದು ನಮ್ಮೂರಿನ ಬಸ್ಸನ್ನು. ಮೂರು ಎತ್ತರದ ಮೆಟ್ಟಿಲು, ಕಂಬಿ ಹಿಡಿಯುವ ಮೊದಲೇ ಎರಡು ವಿಷಲ್. ವಿಯೆನ್ನಾದ ಹೊಸ ಟ್ರಾಮುಗಳ ಒಳನೆಲ ರಸ್ತೆಯಿಂದ ಗೇಣುದ್ದವೂ ಮೇಲಿಲ್ಲ, ಸುರಂಗ ರೈಲಿನ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮಲ್ಲಿ ಕಾರು ಮಾಡುವುದು ಕಾರಿಗಾಗಿ ಅಲ್ಲವೇ ಅಲ್ಲ. ಬೇಕೆಂದಲ್ಲಿ ನಿಲ್ಲಿಸಬಹುದು, ಒಳ್ಳೆಯ ಹೋಟೆಲು ಕಂಡರೆ ಒಂದು ಕಾಫಿ ಹೇಳಿ ಅಮ್ಮನನ್ನು ಒಳಗೆ ಕಳಿಸಬಹುದು. ದಿನಕ್ಕೆ ಐದಾರು ಸಾವಿರ ಕೊಟ್ಟು ನಾವು ಕೊಳ್ಳುವುದು ಒಂದು ಶೌಚಾಲಯವನ್ನು, ಒಂದು ಸೀಟನ್ನು. ಅಷ್ಟು ಕೊಡಲಾಗದವರ ಅಮ್ಮಂದಿರು ನೀರು ಬಿಡುತ್ತಾರೆ.

ವೀಸಾ ಬೆರಳಚ್ಚಿಗೆಂದು ಅಮ್ಮನನ್ನು ಬೆಂಗಳೂರಿಗೆ ಕರೆದೊಯ್ದ ದಿನ ನನಗೆ ಚೆನ್ನಾಗಿ ನೆನಪಿದೆ. ನಾನು ರಜೆಗೆ ಊರಿಗೆ ಬಂದಿದ್ದೆ. ಬೆಳಗಿನ ಐದೂವರೆ ಬಸ್ಸಿಗೆ ಹೊರಟವಳು ಒಂದು ತೊಟ್ಟು ನೀರು ಮುಟ್ಟಲಿಲ್ಲ. ಬಸ್ಸಿಳಿದು ನಡೆದ ದಾರಿಯಲ್ಲಿ ಫುಟ್‌ಪಾತ್ ಎಂದರೆ ಮೇಲೆದ್ದ ಚಪ್ಪಡಿ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ನಿಲ್ಲಿಸಿದ ಸ್ಕೂಟರು. ಕೂರೋಣವೆಂದರೆ ಅಂಗಡಿಯ ಮೆಟ್ಟಿಲು, ಅಲ್ಲಿಂದಲೂ ಎಬ್ಬಿಸಿದರು. ಕೆಲಸ ಮುಗಿದು ಮಧ್ಯಾಹ್ನ ಎರಡಕ್ಕೆ ದರ್ಶಿನಿಯಲ್ಲಿ ನಿಂತೇ ಊಟ. ಕೈತೊಳೆಯುವ ಜಾಗವಿತ್ತು, ಇನ್ನೊಂದು ಇರಲಿಲ್ಲ. ರಾತ್ರಿ ಮನೆ ಸೇರಿದ ಮೇಲೆ ಅಮ್ಮ ನಡುಮನೆಯಲ್ಲಿ ಕೂತು ಎರಡು ಚೊಂಬು ನೀರು ಒಂದೇ ಉಸಿರಿಗೆ ಕುಡಿದಳು. ನಾನು ಎದುರಿಗೇ ಇದ್ದೆ.

ಇದನ್ನು ಬಡತನ ಎಂದು ನಾನು ಒಪ್ಪುವುದಿಲ್ಲ. ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು 1890ರ ದಶಕದಲ್ಲಿ. ವಿಯೆನ್ನಾಕ್ಕಿಂತ ನಾವು ಹಿಂದೆ ಬಿದ್ದದ್ದು ಇಪ್ಪತ್ತು ಚಿಲ್ಲರೆ ವರ್ಷ, ಅಷ್ಟೆ. ದಾರಿಹೋಕರಿಗೆ ಅರವಟ್ಟಿಗೆ ಇಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ರಾಮನವಮಿಯ ದಿನ ಬೀದಿಬೀದಿಯಲ್ಲಿ ಪಾನಕ, ಮಜ್ಜಿಗೆ ಹಂಚುತ್ತೇವೆ, ಲೋಟದ ಮೇಲೆ ಲೋಟ ಕೊಟ್ಟು ಒತ್ತಾಯ ಮಾಡುತ್ತೇವೆ. ಆ ಪಾನಕ ಕುಡಿದ ಹೆಂಗಸು ಆಮೇಲೆ ಎಲ್ಲಿಗೆ ಹೋಗಬೇಕು ಎಂದು ಇಷ್ಟು ವರ್ಷಗಳಲ್ಲಿ ಒಂದು ಪೆಂಡಾಲಿನವರೂ ಕೇಳಿದ್ದನ್ನು ನಾನು ಕಾಣೆ. ಫ್ಲೈಓವರಿಗೆ ದುಡ್ಡಿದೆ, ಸರ್ಕಲ್ಲಿನಲ್ಲಿ ಕಾರಂಜಿಗೆ ದುಡ್ಡಿದೆ, ಬಸ್‌ಸ್ಟಾಂಡಿನ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ಕೇಳಿದರೆ, ವಯಸ್ಸಾದವರು ಮನೆಯಲ್ಲಿರಬಾರದಾ ಎನ್ನುತ್ತಾರೆ.

ನನ್ನ ಆಫೀಸಿನ ಸಹೋದ್ಯೋಗಿಯೊಬ್ಬಳು ಎಂಬತ್ತು ದಾಟಿದ ಅಮ್ಮನ ಜೊತೆ ವರ್ಷಕ್ಕೊಂದು ಊರು ನೋಡಿ ಬರುತ್ತಾಳೆ. ಬುತ್ತಿಯಲ್ಲಿ ಬ್ರೆಡ್ಡು, ಫ್ಲಾಸ್ಕಿನಲ್ಲಿ ಟೀ, ಅಗ್ಗದ ರೈಲು. ಖರ್ಚು ಇಬ್ಬರೂ ಅರ್ಧರ್ಧ. ಆ ಅಮ್ಮ ಎಲ್ಲಿ ಕೂರಬೇಕು, ಎಷ್ಟು ನಡೆಯಬಲ್ಲೆ ಎಂಬುದನ್ನು ಮೊದಲೇ ಮಗಳಿಗೆ ಹೇಳಿಬಿಡುತ್ತಾರಂತೆ. ಅರ್ಧರ್ಧ ಹಂಚಿಕೊಳ್ಳುವುದು ನನ್ನಿಂದ ಆಗದು, ಅಮ್ಮನೂ ಒಪ್ಪಳು. ಆದರೆ ಆ ಎರಡನೆಯದನ್ನು ನಮ್ಮ ಮನೆಗಳಲ್ಲಿ ಕಲಿಯಬೇಕು. ಟಿಕೆಟ್ಟಿನ ಬೆಲೆಯನ್ನು ನಾವು ಅಮ್ಮನಿಂದ ಮುಚ್ಚಿಡುತ್ತೇವೆ, ಮಂಡಿನೋವನ್ನು ಅವಳು ನಮ್ಮಿಂದ.

ಇಷ್ಟು ಹೇಳಿದ ಮೇಲೆ ಇನ್ನೊಂದು ಕಡೆಯದನ್ನೂ ಹೇಳಬೇಕಾಗುತ್ತದೆ. ವಿಯೆನ್ನಾದ ಆ ಚೊಕ್ಕ ಶೌಚಾಲಯಗಳಲ್ಲಿ ಬರೀ ಕಾಗದ. ಬ್ಯಾಗಿನಲ್ಲಿ ಇನ್ನೊಂದು ಬಾಟಲಿ ಯಾಕಿತ್ತು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲೂ ಎಲ್ಲವೂ ನಿಂತಲ್ಲೇ ನಿಂತಿಲ್ಲ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಶೌಚಾಲಯವಿದೆ, ಅಮ್ಮ ಅಲ್ಲಿ ಧೈರ್ಯವಾಗಿ ಓಡಾಡುತ್ತಾಳೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಅಮ್ಮ ಮತ್ತು ಅವಳ ಭಜನಾ ಮಂಡಳಿಯ ಗೆಳತಿಯರು ಕೆಂಪು ಬಸ್ಸಿನಲ್ಲಿ ಶೃಂಗೇರಿ, ಹೊರನಾಡು, ಧರ್ಮಸ್ಥಳ ಎಲ್ಲ ಮುಗಿಸಿದರು. ಟಿಕೆಟ್ಟಿಗೆ ಕಾಸಿಲ್ಲ, ಮೂರೂ ಕಡೆ ಎಲೆ ಮುಂದೆ ಕೂತರೆ ಊಟ. ಯಾರ ಮಗನೂ ಲೆಕ್ಕ ಹಾಕಿ ಕೋಣೆ ಹುಡುಕಬೇಕಾಗಲಿಲ್ಲ. ಅಷ್ಟು ಅಗ್ಗದ, ಅಷ್ಟು ಗೌರವದ ಪ್ರವಾಸವನ್ನು ಯುರೋಪಿನ ಯಾವ ಊರೂ ಅವಳಿಗೆ ಕೊಡಲಾರದು. ದಾರಿಯಲ್ಲಿ ನೀರು ಕುಡಿದಿರೋ ಎಂದು ಕೇಳಿದೆ. ಕುಡಿದಿರಲಿಲ್ಲ. ಆದರೆ ಆ ಪ್ರವಾಸದ ಕಥೆ ಹೇಳುವಾಗಿನ ಅವಳ ದನಿ ವಿಯೆನ್ನಾದ ಬಗ್ಗೆ ಹೇಳುವಾಗ ಇಲ್ಲ. ಇದನ್ನು ನಾನು ಒಪ್ಪಲೇಬೇಕು.

ಕಾರಣ ಮಾತು. ವಿಯೆನ್ನಾದ ಟ್ರಾಮಿನಲ್ಲಿ ಅಮ್ಮ ಹತ್ತಿದ ಕೂಡಲೇ ಯಾರಾದರೂ ಎದ್ದು ಸೀಟು ಬಿಡುತ್ತಿದ್ದರು, ಒಂದು ಸಲವೂ ತಪ್ಪಲಿಲ್ಲ. ಬಿಟ್ಟವರು ಕಿಟಕಿಯಾಚೆ ನೋಡುತ್ತಿದ್ದರು. ಯಾವೂರು, ಎಷ್ಟು ಜನ ಮಕ್ಕಳು, ಕಾಲಿಗೇನಾಯಿತು ಎಂದು ಕೇಳುವವರಿಲ್ಲ. ಕೆಂಪು ಬಸ್ಸಿನಲ್ಲಿ ಸೀಟಿಗೆ ಜಗಳವಾಡಿದ ಹೆಂಗಸೇ ಅರ್ಧ ಗಂಟೆಯಲ್ಲಿ ಚಕ್ಕುಲಿ ಕೊಟ್ಟು ಮಗಳ ಸಂಬಂಧದ ವಿಷಯ ತೆಗೆದಿರುತ್ತಾಳೆ. ಫೋಕ್ಸ್‌ಗಾರ್ಟನ್‌ನ ಬೆಂಚಿನಲ್ಲಿ ಪಕ್ಕದಲ್ಲೇ ಅಮ್ಮನ ವಯಸ್ಸಿನ ಒಬ್ಬರು ಬಂದು ಬಹಳ ಹೊತ್ತು ಕೂತಿದ್ದರು. ಅಮ್ಮ ಅವರತ್ತ ಎರಡು ಮೂರು ಸಲ ನಕ್ಕಳು. ಅವರೂ ನಕ್ಕರು. ಪುಳಿಯೋಗರೆ ಡಬ್ಬಿ ಮುಂದೆ ಹಿಡಿದಾಗ ಕೈಮುಗಿಯುವ ಹಾಗೆ ಮಾಡಿ ಬೇಡವೆಂದರು. ಅಲ್ಲಿಗೆ ಮುಗಿಯಿತು. ಅಮ್ಮನಿಗೆ ಅದು ಬೇಸರವಾಯಿತು, ರಾತ್ರಿ ಮತ್ತೆ ಅದನ್ನೇ ತೆಗೆದಳು: ಅವರು ಒಬ್ಬರೇ ಇದ್ದಾರೇನೋ, ಮನೆಯಲ್ಲಿ ಯಾರಿದ್ದಾರೋ.

ಮುಂದಿನ ವರ್ಷ ಚಿಕ್ಕಮ್ಮನನ್ನೂ ಜೊತೆಗೆ ಕರೆಸು ಎಂದು ಅಮ್ಮ ಈಗಾಗಲೇ ಹೇಳಿದ್ದಾಳೆ. ಅಕ್ಕತಂಗಿ ಇಬ್ಬರಿದ್ದರೆ ಟ್ರಾಮಿನಲ್ಲಿ ಮಾತಿಗೆ ಕೊರತೆಯಾಗದು. ಈ ಸಲ ಪ್ರಾಗ್ ಎಂದುಕೊಂಡಿದ್ದೇವೆ. ಚಿಕ್ಕಮ್ಮನಿಗೆ ಸಕ್ಕರೆ ಕಾಯಿಲೆ ಇರುವುದರಿಂದ ವಿಮೆಯನ್ನು ಬೇಗ ವಿಚಾರಿಸಬೇಕು, ಮೂರು ಮಂಚದ ಕೋಣೆ ನೋಡಬೇಕು, ಲಿಫ್ಟ್ ಇರುವಂಥದ್ದು. ಅಲ್ಲಿನ ಶೌಚಾಲಯಗಳು ಎಲ್ಲೆಲ್ಲಿವೆ ಎಂದು ನಕ್ಷೆಯಲ್ಲಿ ಗುರುತು ಹಾಕಲು ಶುರುಮಾಡಿದ್ದೇನೆ.